ಬಿದಿರಿನ ಡೈಪರ್: ಕೂಸಿಗೆ ಕಟ್ಟಿ, ಕತ್ತರಿಸಿ, ಹೂತು ನೋಡಿದ ಮೇಲೆ

ಪೊಟ್ಟಣದ ಮೇಲೆ ಹಸಿರು ಎಲೆ, ಬಿದಿರಿನ ಗಳ, ‘ಬಯೋಡಿಗ್ರೇಡಬಲ್’, ಅಂದರೆ ಕೊಳೆತು ಮಣ್ಣಾಗುವಂಥದ್ದು, ಎಂಬ ದಪ್ಪಕ್ಷರ. ಬೆಲೆ ಸಾದಾ ಡೈಪರಿನ ಎರಡರಷ್ಟು. ಇದನ್ನು ಕೊಳ್ಳಬೇಕೋ ಬೇಡವೋ ಎಂದು ನನ್ನ ಹಳೆಯ ವಿದ್ಯಾರ್ಥಿನಿಯರು ಮೇಲಿಂದ ಮೇಲೆ ಕೇಳುತ್ತಿರುತ್ತಾರೆ. ಅವರಲ್ಲಿ ಬಹಳ ಮಂದಿಯ ಮನೆಯಲ್ಲಿ ಈಗ ತೊಟ್ಟಿಲು ತೂಗುತ್ತಿದೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೂಸಿನ ಮೈ ಸೂಕ್ಷ್ಮ, ಸುವಾಸನೆ ಹಾಕಿದ ಡೈಪರ್ ಕಟ್ಟಿದರೆ ಕೆಂಪಗಾಗುತ್ತದೆ ಎಂದಾದರೆ ಕೊಳ್ಳಿರಿ, ವಸ್ತು ಚೆನ್ನಾಗಿದೆ. ಪರಿಸರದ ಸಲುವಾಗಿ ಎಂದಾದರೆ, ಹುಬ್ಬಳ್ಳಿ-ಧಾರವಾಡದಲ್ಲಿ ಇರುವವರು ಆ ಹೆಚ್ಚಿನ ದುಡ್ಡನ್ನು ಹತ್ತಿ ಅರಿವೆಗೆ ಹಾಕುವುದು ಮೇಲು.

ನಾನು ಧಾರವಾಡದ ಸಪ್ತಾಪುರದವಳು, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಿಯಾದವಳು. ಮಗಳು ಚೊಚ್ಚಲ ಬಾಣಂತನಕ್ಕೆ ಬಂದದ್ದು ಮಳೆಗಾಲದಲ್ಲಿ. ಬೆಂಗಳೂರಿನಿಂದ ಬರುವಾಗಲೇ ಬಿದಿರಿನ ಡೈಪರ್ ಒಂದು ಡಬ್ಬಿ ತಂದಿದ್ದಳು. “ಅವ್ವಾ, ಇವು ಮಣ್ಣಾಗ ಕರಗತಾವಂತ. ನನ್ನ ಕೂಸಿನ ಹೆಸರಿಗೆ ಒಂದು ಪ್ಲಾಸ್ಟಿಕ್ ಗುಡ್ಡ ಬ್ಯಾಡ” ಅಂದಳು. ಆ ಮಾತು ನನ್ನ ಮನಸ್ಸಿಗೆ ಹತ್ತಿತು. ಹೆರಿಗೆಯ ಆಯಾಸದಲ್ಲೂ ಕಸದ ಬಗ್ಗೆ ಯೋಚಿಸುವ ತಾಯಂದಿರು ಇದ್ದಾರೆ, ಅವರ ಆ ಕಾಳಜಿಯೇ ಈ ಡೈಪರಿನ ಬೆಲೆಯಲ್ಲಿ ಸೇರಿದೆ. ಅಷ್ಟು ಬೆಲೆ ಕೊಟ್ಟವರಿಗೆ ಅಷ್ಟು ಫಲ ಸಿಗಬೇಕು ಎಂಬ ಹಟದಿಂದ ನಾನು ಇದನ್ನು ಪರೀಕ್ಷೆಗೆ ಹಚ್ಚಿದೆ.

ಕಂಪನಿಯ ಹೆಸರು ಬರೆಯುವುದಿಲ್ಲ. ಪೇಟೆಯಲ್ಲಿ ಈ ಜಾತಿಯವು ಹಲವಿವೆ, ನಾನು ಬಿಚ್ಚಿ ನೋಡಿದವುಗಳ ಒಳಗಿನ ಕಟ್ಟೋಣ ಹೆಚ್ಚುಕಡಿಮೆ ಒಂದೇ ಇತ್ತು. ಹೋಲಿಸಲಿಕ್ಕೆ ಸುಭಾಸ ರೋಡಿನ ಒಂದು ಅಂಗಡಿಯಿಂದ ಸಾದಾ ಡೈಪರ್ ತರಿಸಿದೆ. ಸಾದಾದ್ದು ಒಂದಕ್ಕೆ 10 ರೂಪಾಯಿಯ ಆಸುಪಾಸು ಬಿದ್ದರೆ ಬಿದಿರಿನದು 20 ದಾಟಿತು.

ಬಳಕೆಯ ಮಾತು ಬೇಗ ಮುಗಿಸುತ್ತೇನೆ. ಬಿದಿರಿನ ಡೈಪರ್ ನಿಜವಾಗಿ ಮೆತ್ತಗಿದೆ, ಸುವಾಸನೆಯ ಎಣ್ಣೆ-ಪುಡಿ ಹಾಕಿಲ್ಲ, ಸೊಂಟದ ಕಡೆ ಗಾಳಿಯಾಡುತ್ತದೆ. ಹಗಲಿಗೆ ಎರಡೂ ಸಮ. ರಾತ್ರಿ ಮಾತ್ರ ಬೆಳಗಿನ ಜಾವಕ್ಕೆ ಬಿದಿರಿನದು ತೊಡೆಯ ಕಡೆ ಸೋರುತ್ತಿತ್ತು, ಸಾದಾದ್ದು ತಡೆಯುತ್ತಿತ್ತು. ಅಂಟುಪಟ್ಟಿಯನ್ನು ಬಿಚ್ಚಿ ಮತ್ತೆ ಹಚ್ಚಿದರೆ ಬಿದಿರಿನದರ ಹಿಡಿತ ಸಡಿಲಾಗುತ್ತದೆ. ಮೈ ಕೆಂಪಾಗುವ ತೊಂದರೆ ಎರಡರಲ್ಲೂ ಬರಲಿಲ್ಲ, ಯಾಕೆಂದರೆ ಎರಡನ್ನೂ ಮೂರು ತಾಸಿನ ಮೇಲೆ ಹಗಲು ಬಿಟ್ಟಿರಲಿಲ್ಲ. ಒದ್ದೆಯಲ್ಲಿ ಎಷ್ಟು ಹೊತ್ತು ಇರುತ್ತದೆ ಎಂಬುದೇ ಕೂಸಿನ ಚರ್ಮಕ್ಕೆ ಮುಖ್ಯ. ಬಿದಿರು ಹಾಕಿದ್ದೇನೆ ಎಂದು ಆರು ತಾಸು ಬಿಟ್ಟರೆ ಅದೂ ಸುಡುತ್ತದೆ.

ಒಂದು ಮಧ್ಯಾಹ್ನ ಕೂಸು ಮಲಗಿದಾಗ ಎರಡನ್ನೂ ಪತ್ರಿಕೆಯ ಮೇಲೆ ಹರಡಿ ಕತ್ತರಿ ಹಾಕಿದೆ. ಸಾದಾ ಡೈಪರಿನಲ್ಲಿ ಮೈಗೆ ತಾಗುವ ಹಾಳೆ ಪಾಲಿಪ್ರೊಪಿಲೀನ್, ಹೊರಗಿನ ನೀರು ಬಿಡದ ಹಾಳೆ ಪಾಲಿಎಥಿಲೀನ್, ಎರಡೂ ಪ್ಲಾಸ್ಟಿಕ್ಕೇ. ನಡುವೆ ಮರದ ತಿರುಳಿನ ಅರಳೆ, ಅದರೊಳಗೆ ಸಕ್ಕರೆಯಂಥ ಬಿಳಿ ಹರಳು. ತೊಡೆಯ ಸುತ್ತ ಹಿಗ್ಗುವ ದಾರ, ಅಲ್ಲಲ್ಲಿ ಅಂಟು. ಬಿದಿರಿನದರಲ್ಲಿ ಮೈಗೆ ತಾಗುವ ಹಾಳೆ ಬಿದಿರಿನಿಂದ ತೆಗೆದ ವಿಸ್ಕೋಸ್ ಎಂಬ ಎಳೆಯದು, ಹೊರಹಾಳೆಗೆ ‘ಸಸ್ಯಮೂಲ’ ಎಂದು ಬರೆದಿದೆ, ಅರಳೆ ಅದೇ ತಿರುಳಿನದು. ಹರಳು? ಅವೇ ಹರಳು. ದಾರವೂ ಅದೇ, ಅಂಟುಪಟ್ಟಿಯೂ ಅದೇ ಜಾತಿ.

ಆ ಹರಳಿನ ಬಗ್ಗೆ ನಾಲ್ಕು ಮಾತು ಹೆಚ್ಚಿಗೆ ಹೇಳಬೇಕು, ಡೈಪರಿನ ಜೀವವೇ ಅದು. ಹೆಸರು ಸೋಡಿಯಂ ಪಾಲಿಅಕ್ರಿಲೇಟ್, ಪೆಟ್ರೋಲಿಯಂ ಮೂಲದ್ದು. ತನ್ನ ತೂಕದ ಎಷ್ಟೋ ಪಟ್ಟು ನೀರು ಕುಡಿದು ಲೋಳೆಯಾಗಿ ಉಬ್ಬುತ್ತದೆ, ಒತ್ತಿದರೂ ಬಿಡುವುದಿಲ್ಲ. ಎರಡು ಬಟ್ಟಲಲ್ಲಿ ಒಂದೊಂದು ಚಮಚೆ ಹರಳು ಹಾಕಿ, ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಉಪ್ಪುನೀರು ಹೊಯ್ದು ನೋಡಿರಿ. ಉಪ್ಪುನೀರಿನದು ಬಹಳ ಕಡಿಮೆ ಉಬ್ಬುತ್ತದೆ. ಮೂತ್ರದಲ್ಲಿ ಲವಣ ಇರುವುದರಿಂದ ಬರೀ ನೀರು ಹೊಯ್ದು ತೋರಿಸುವ ಪರೀಕ್ಷೆಯನ್ನು ನೆಚ್ಚಬೇಡಿರಿ. ಉಬ್ಬಿದ ಲೋಳೆಯ ಮೇಲೆ ಒಂದು ಹಿಡಿ ಉಪ್ಪು ಉದುರಿಸಿದರೆ ಅದು ನೀರು ಬಿಟ್ಟುಕೊಡುತ್ತದೆ. ಇದನ್ನು ನೋಡಿ ಪಕ್ಕದ ಮನೆಯ ಹುಡುಗರು ಕುಣಿದಾಡಿದರು, ನನಗೂ ಮತ್ತೆ ತರಗತಿಯಲ್ಲಿ ನಿಂತಂತಾಯಿತು. ಆದರೆ ಮಣ್ಣಿನ ಸೂಕ್ಷ್ಮಜೀವಿಗಳು ಈ ಹರಳನ್ನು ಸುಲಭಕ್ಕೆ ತಿನ್ನುವುದಿಲ್ಲ. ಇದು ಒಳಗಿರುವ ತನಕ ಡೈಪರ್ ಪೂರ್ತಿ ಮಣ್ಣಾಗುತ್ತದೆ ಎನ್ನುವುದು ಸರಿಯಾದ ಮಾತಲ್ಲ.

ಬಿದಿರಿಗೂ ಒಂದು ಕಥೆಯಿದೆ. ಬಿದಿರು ಬೇಗ ಬೆಳೆಯುತ್ತದೆ, ಕಡಿದರೆ ಮತ್ತೆ ಚಿಗುರುತ್ತದೆ, ನಿಜ. ಆದರೆ ಗಳವನ್ನು ರೇಷ್ಮೆಯಂಥ ಹಾಳೆ ಮಾಡಬೇಕಾದರೆ ಅದರ ತಿರುಳನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್‌ನಲ್ಲಿ ಕರಗಿಸಿ ಎಳೆ ತೆಗೆಯುತ್ತಾರೆ. ಕಾರ್ಬನ್ ಡೈಸಲ್ಫೈಡ್ ಕಾರ್ಖಾನೆಯ ಕೆಲಸಗಾರರ ನರಗಳಿಗೆ ಕೇಡು. ಆವಿಯನ್ನು ಹೊರಗೆ ಬಿಡದೆ ಹಿಡಿದು ಮರುಬಳಸುವ ಒಳ್ಳೆಯ ಕಾರ್ಖಾನೆಗಳೂ ಇವೆ. ನಮ್ಮ ಡಬ್ಬಿಯ ಬಿದಿರು ಯಾವ ಬಗೆಯ ಕಾರ್ಖಾನೆಯಿಂದ ಬಂತು ಎಂಬುದು ಡಬ್ಬಿಯ ಮೇಲೆ ಎಲ್ಲೂ ಇರಲಿಲ್ಲ.

ಇನ್ನು ಹೂತು ನೋಡಿದ ವಿಷಯ. ಹಿತ್ತಲಲ್ಲಿ ನನ್ನದೊಂದು ತಿಪ್ಪೆಗುಂಡಿ ಇದೆ, ಎಲೆ-ಸಿಪ್ಪೆ ಕೊಳೆಸಲಿಕ್ಕೆ. ಅದರ ಪಕ್ಕ ಬೇರೆಯೇ ಸಣ್ಣ ಗುಂಡಿ ತೋಡಿ, ಬರೀ ಮೂತ್ರದ ಡೈಪರುಗಳನ್ನು, ಬಿದಿರಿನವು ಒಂದು ಕಡೆ, ಸಾದಾವು ಒಂದು ಕಡೆ, ಸಗಣಿ ಮತ್ತು ಒಣ ಎಲೆಯೊಡನೆ ಪಂಚಮಿ ಹೊತ್ತಿಗೆ ಹೂತೆ. ಮಲವಾದ ಡೈಪರನ್ನು ಮನೆಯ ತಿಪ್ಪೆಗೆ ಯಾರೂ ಹಾಕಬೇಡಿರಿ. ಅದರ ರೋಗಾಣು ಸಾಯುವಷ್ಟು ಕಾವು ಅಲ್ಲಿ ನೆಚ್ಚಿಕೆಯಿಂದ ಏಳುವುದಿಲ್ಲ. ಈ ಗುಂಡಿಯ ಮಣ್ಣನ್ನೂ ನಾನು ಕಾಯಿಪಲ್ಯೆಗೆ ಹಾಕಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅಗೆದೆ. ಬಿದಿರಿನದರ ಒಳಹಾಳೆ ಪೂರ್ತಿ ಹೋಗಿತ್ತು, ಗುರುತೇ ಇಲ್ಲ. ಅರಳೆಯೂ ಮಣ್ಣಾಗಿತ್ತು. ಇಷ್ಟಕ್ಕೆ ಆ ಡೈಪರಿಗೆ ಪೂರ್ಣ ಅಂಕ ಕೊಡುತ್ತೇನೆ. ಹೊರಹಾಳೆ ಹರಿದು ಚಿಂದಿಯಾಗಿತ್ತು, ಹೋಗಿರಲಿಲ್ಲ. ಹಿಗ್ಗುವ ದಾರ, ಅಂಟುಪಟ್ಟಿ ಹೂತಾಗ ಹೇಗಿದ್ದವೋ ಹಾಗೇ ಇದ್ದವು. ಲೋಳೆ ಸಣ್ಣ ಸಣ್ಣ ಹರಳಾಗಿ ಮಣ್ಣಿನ ತುಂಬ ಬೆರೆತಿತ್ತು, ಆರಿಸಲಿಕ್ಕೇ ಬಾರದಂತೆ. ಸಾದಾ ಡೈಪರಿನಲ್ಲಿ ಅರಳೆ ಹೋಗಿ ಎರಡು ಪ್ಲಾಸ್ಟಿಕ್ ಹಾಳೆ ಇಡಿಯಾಗಿ ಉಳಿದಿದ್ದವು. ವ್ಯತ್ಯಾಸ ಇದೆ. ಎರಡರಷ್ಟು ಬೆಲೆಯ ವ್ಯತ್ಯಾಸ ಇದೆಯೇ ಎಂದರೆ, ನನ್ನ ಗುಂಡಿಯಲ್ಲಿ ಕಾಣಲಿಲ್ಲ.

ಹೊರಹಾಳೆ ಯಾಕೆ ಉಳಿಯಿತು ಎಂಬುದಕ್ಕೆ ಕಾರಣವಿದೆ. ಇಂಥ ಹಾಳೆಗಳಲ್ಲಿ ಹಲವನ್ನು ಪಿಎಲ್‌ಎ ಎಂಬ ಸಸ್ಯಮೂಲದ ಪ್ಲಾಸ್ಟಿಕ್ ಬೆರೆಸಿ ಮಾಡುತ್ತಾರೆ. ಹಾವೇರಿ ಕಡೆ ಹೊಲದ ತುಂಬ ಕಾಣುವ ಗೋವಿನಜೋಳದ ಪಿಷ್ಟದಿಂದಲೂ ಇದನ್ನು ತಯಾರಿಸಬಹುದು. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್‌ಗೆ ನಮ್ಮಲ್ಲಿ ಐಎಸ್/ಐಎಸ್‌ಒ 17088 ಎಂಬ ಮಾನದಂಡವಿದೆ. ಅದರ ಪರೀಕ್ಷೆ ನಡೆಯುವುದು 58 ಡಿಗ್ರಿಯ ಸುಮಾರಿನ ಕಾವನ್ನು ಬಿಡದೆ ಕಾಯ್ದುಕೊಂಡ ಸ್ಥಿತಿಯಲ್ಲಿ; 180 ದಿನದೊಳಗೆ ಶೇ 90ರಷ್ಟು ಇಂಗಾಲ ಗಾಳಿಗೆ ಹೋಗಬೇಕು. ದೊಡ್ಡ ಕಾಂಪೋಸ್ಟ್ ಘಟಕದಲ್ಲಿ ರಾಶಿ ಅಷ್ಟು ಕಾಯುತ್ತದೆ. ಜಿಟಿಜಿಟಿ ಮಳೆಯ ಧಾರವಾಡದ ಹಿತ್ತಲಲ್ಲಿ ಕಾಯುವುದಿಲ್ಲ. ಹಾಳೆ ಸುಳ್ಳು ಹೇಳಿಲ್ಲ, ಆದರೆ ಅದು ಮಾತು ಉಳಿಸಿಕೊಳ್ಳುವ ಜಾಗ ಬೇರೆ ಇದೆ, ಆ ಜಾಗಕ್ಕೆ ನಮ್ಮ ಮನೆಯ ಡೈಪರ್ ಹೋಗುವುದೇ ಇಲ್ಲ.

ಎಲ್ಲಿಗೆ ಹೋಗುತ್ತದೆ? ಬೆಳಿಗ್ಗೆ ಟಿಪ್ಪರ್ ಗಾಡಿಯೊಡನೆ ಬರುವ ಪೌರಕಾರ್ಮಿಕ ಹೆಣ್ಣುಮಗಳನ್ನು ಕೇಳಿದೆ. ಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ, ಕೆಂಪು ಗುರುತು ಹಾಕಿದ ಪೊಟ್ಟಣ ನನ್ನ ಕೈಯಲ್ಲಿತ್ತು. “ಅಕ್ಕಾರ, ನೀವು ಬ್ಯಾರೆ ಸುತ್ತಿ ಕೊಡ್ತೀರಿ, ಚಲೋ ಆತು. ಭಾಳ ಮಂದಿ ಹಸಿ ಕಸದಾಗ ಒಗದಿರ್ತಾರ, ನಾವು ಕೈ ಹಾಕಿ ತಗೀಬೇಕಾಗ್ತದ. ಅದು ಬಿದಿರಿಂದೋ ಪ್ಲಾಸ್ಟಿಕ್‌ದೋ ನಮಗ ಹ್ಯಾಂಗ ಗೊತ್ತಾಗಬೇಕ್ರಿ? ಎಲ್ಲಾ ಒಂದ ಕಡೆ ಹೋಗ್ತಾವ” ಅಂದಳು. ಅವಳ ಕೈಗವಸಿನ ಬೆರಳು ಹರಿದಿತ್ತು. ನನ್ನ ಈ ಬರಹದಲ್ಲಿ ಒಂದೇ ಮಾತು ಯಾರಾದರೂ ನೆನಪಿಟ್ಟುಕೊಳ್ಳುವುದಾದರೆ ಅವಳ ಮಾತು ಇಟ್ಟುಕೊಳ್ಳಲಿ.

ಹಸಿರು ಎಲೆಯ ಚಿತ್ರ ಕಂಡ ಕೂಡಲೇ ಅದನ್ನು ಹಸಿ ಕಸದ ಬುಟ್ಟಿಗೆ ಹಾಕುವವರು ನಮ್ಮ ಓಣಿಯಲ್ಲೇ ಇದ್ದಾರೆ. ಕೊಳೆಯುತ್ತದಲ್ಲ, ಇನ್ನೆಲ್ಲಿ ಹಾಕಬೇಕು ಎಂದು ಕೇಳುತ್ತಾರೆ, ಪ್ರಶ್ನೆ ಸಹಜವೇ. ಆದರೆ ಗೊಬ್ಬರವಾಗಬೇಕಿದ್ದ ಕಾಯಿಪಲ್ಯೆಯ ಸಿಪ್ಪೆಗೆ ಮಲ, ಲೋಳೆ, ದಾರ ಎಲ್ಲ ಬೆರೆತರೆ ಇಡೀ ಬುಟ್ಟಿ ಕೆಟ್ಟಂತೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಡೈಪರನ್ನು ನೈರ್ಮಲ್ಯ ತ್ಯಾಜ್ಯ ಎಂದೇ ಎಣಿಸಿ, ಸುತ್ತಿ ಒಣ ಕಸದ ಕಡೆ ಕೊಡಬೇಕು ಎಂದವು, ಬಿದಿರಿಗೆ ವಿನಾಯಿತಿ ಕೊಟ್ಟಿರಲಿಲ್ಲ. ಅದೇ ನಿಯಮಗಳಲ್ಲಿ ತಯಾರಕರಿಗೂ ಒಂದು ಕರ್ತವ್ಯ ಬರೆದಿತ್ತು: ಮರುಬಳಕೆಗೆ ಬರುವ ವಸ್ತುಗಳಿಂದಲೇ ತಯಾರಿಸುವ ದಾರಿ ಹುಡುಕಬೇಕು, ಇಲ್ಲವೇ ಪ್ರತಿಯೊಂದು ಡೈಪರ್ ಸುತ್ತಿ ಎಸೆಯಲಿಕ್ಕೆ ಪೊಟ್ಟಣದ ಜೊತೆಗೇ ಚೀಲ ಕೊಡಬೇಕು. ನಾನು ತಂದ ಎರಡು ಬಗೆಯಲ್ಲೂ ಚೀಲ ಇರಲಿಲ್ಲ. 20 ರೂಪಾಯಿಯ ಡೈಪರಿನ ಜೊತೆ ಒಂದು ಕಾಗದದ ಚೀಲ ಇಡಲಿಕ್ಕೆ ಏನು ಅಡ್ಡಿ ಎಂಬುದು ನನಗೆ ತಿಳಿಯದು.

ಕಸದ ಗುಡ್ಡದೊಳಗೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಧಾರವಾಡದವರಿಗೆ ಹೊಸಯಲ್ಲಾಪುರದ ಗುಡ್ಡ ಗೊತ್ತು, ಹುಬ್ಬಳ್ಳಿಯವರಿಗೆ ಕಾರವಾರ ರಸ್ತೆಯದು ಗೊತ್ತು. ಒತ್ತೊತ್ತಾಗಿ ಬಿದ್ದ ರಾಶಿಯ ಒಡಲಲ್ಲಿ ಗಾಳಿ ಇರುವುದಿಲ್ಲ. ಗಾಳಿಯಿಲ್ಲದೆ ಕೊಳೆಯುವ ತಿರುಳು, ವಿಸ್ಕೋಸ್ ಮೀಥೇನ್ ಬಿಡುತ್ತವೆ. 100 ವರ್ಷದ ಲೆಕ್ಕ ಹಿಡಿದರೆ ಮೀಥೇನ್ ಅದೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27ರಿಂದ 30 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. ಪಾಲಿಎಥಿಲೀನ್ ಹಾಳೆ ಅಲ್ಲಿ ಕೊಳೆಯದೆ, ಅನಿಲವನ್ನೂ ಬಿಡದೆ ಬಿದ್ದಿರುತ್ತದೆ, ಮೊಮ್ಮಕ್ಕಳ ಮೊಮ್ಮಕ್ಕಳ ಕಾಲದವರೆಗೂ. ಬಯಲಿಗೆ, ಹಳ್ಳಕ್ಕೆ ಬಿದ್ದರೆ ಪುಡಿಪುಡಿಯಾಗಿ ನೀರಿಗೆ ಸೇರುತ್ತದೆ. ಹೀಗೆ ಒಂದು ಬಿಸಿ ಹೆಚ್ಚಿಸುತ್ತದೆ, ಇನ್ನೊಂದು ಉಳಿದುಬಿಡುತ್ತದೆ. ಸಾದಾ ಡೈಪರಿನೊಳಗೂ ತಿರುಳಿನ ಅರಳೆ ಇರುವುದರಿಂದ ಅದೂ ಮೀಥೇನ್‌ನಿಂದ ಪಾರಾಗಿಲ್ಲ. ಹಳ್ಳಿಗಳಲ್ಲಿ ಡೈಪರ್ ಸುಡುವವರೂ ಇದ್ದಾರೆ. ಒದ್ದೆ ಡೈಪರ್ ಸರಿಯಾಗಿ ಉರಿಯುವುದಿಲ್ಲ, ಪ್ಲಾಸ್ಟಿಕ್ಕಿನ ದಟ್ಟ ಹೊಗೆ ಬಾಣಂತಿಯ ಕೋಣೆಗೇ ಬರುತ್ತದೆ.

ಪೂರ್ತಿ ಲೆಕ್ಕ ಮಾಡಿದವರು ಇಂಗ್ಲೆಂಡಿನವರು. ಅಲ್ಲಿನ ಪರಿಸರ ಇಲಾಖೆ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೊಳೆದು ಬಳಸುವ ಬಟ್ಟೆಯ ಡೈಪರು ಭೂಮಿಯ ಬಿಸಿ ಏರಿಸುವ ಹೊರೆ ಎಸೆಯುವ ಡೈಪರಿಗಿಂತ ಸುಮಾರು ಶೇ 25ರಷ್ಟು ಕಡಿಮೆ ಬಂತು. ಅದಕ್ಕೂ ಹಿಂದೆ 2008ರಲ್ಲಿ ಬಂದ ಅಧ್ಯಯನದಲ್ಲಿ ಎರಡೂ ಹೆಚ್ಚುಕಡಿಮೆ ಸಮ ಇದ್ದವು: ಎರಡೂವರೆ ವರ್ಷಕ್ಕೆ ಎಸೆಯುವುದರದು ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ 550 ಕಿಲೋ, ಬಟ್ಟೆಯದು 570 ಕಿಲೋ. ಆದರೆ ಅಲ್ಲಿಯೇ ಇನ್ನೊಂದು ಮಾತಿತ್ತು. ಬಟ್ಟೆಯನ್ನು ಯಂತ್ರ ತುಂಬ ಹಾಕಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೆಯ ಕೂಸಿಗೂ ಬಳಸಿದರೆ ಸುಮಾರು 200 ಕಿಲೋ ಇಳಿಯುತ್ತದೆ; ಬಿಸಿಗಾಳಿಯ ಯಂತ್ರದಲ್ಲಿ ಒಣಗಿಸಿದರೆ ಏರುತ್ತದೆ. ನಮ್ಮ ಓಣಿಯಲ್ಲಿ ಬಿಸಿಗಾಳಿಯ ಯಂತ್ರ ಯಾರ ಮನೆಯಲ್ಲಿದೆ? ಅವರು ಶಿಫಾರಸು ಮಾಡಿದ್ದನ್ನು ನಮ್ಮ ಅತ್ತೆಯವರು ಜೀವಮಾನವಿಡೀ ಮಾಡಿದರು. ಇದೇ ಅಧ್ಯಯನಗಳಿಂದ ತಿಳಿಯುವ ಇನ್ನೊಂದು ಸಂಗತಿ: ಎಸೆಯುವ ಡೈಪರಿನ ಹೊರೆಯಲ್ಲಿ ದೊಡ್ಡ ಪಾಲು ಬರುವುದು ತಿರುಳು-ಪ್ಲಾಸ್ಟಿಕ್ ತಯಾರಿಸುವಾಗ, ಎಸೆದ ಮೇಲೆ ಅಲ್ಲ. ಕೊನೆಯಲ್ಲಿ ಕೊಳೆಯುತ್ತದೆ ಎಂಬ ಭರವಸೆ ಆ ದೊಡ್ಡ ಪಾಲನ್ನು ಮುಟ್ಟುವುದಿಲ್ಲ. ಎಣಿಕೆ ಇಳಿದರೆ ಮಾತ್ರ ಅದು ಇಳಿಯುತ್ತದೆ.

ಎಣಿಕೆ ಇಳಿಸಲಿಕ್ಕೆ ನಾವು ಮಾಡಿದ್ದು ಇಷ್ಟು. ಮಾವನವರ ಹಳೆಯ ಧೋತರ ಹರಿದು ಲಂಗೋಟಿ ಮಾಡಿದೆವು, ಸಾಲದ್ದಕ್ಕೆ ಹುಬ್ಬಳ್ಳಿಯ ಜವಳಿ ಸಾಲಿನಿಂದ ಮೀಟರ್ ಲೆಕ್ಕದಲ್ಲಿ ಮಲ್ ಬಟ್ಟೆ ತಂದೆವು. ಮೇಲೆ ಹಾಕಲಿಕ್ಕೆ ನೀರು ಬಿಡದ ಕವರ್ ಕೊಂಡೆವು. ಅದೂ ಪಾಲಿಯೆಸ್ಟರ್, ಒಳಗೆ ಪ್ಲಾಸ್ಟಿಕ್ ಪದರ, ಆದರೆ ನೂರಾರು ಸಲ ಬರುತ್ತದೆ. ಹಗಲೆಲ್ಲ ಬಟ್ಟೆ, ರಾತ್ರಿಗೆ ಒಂದು ಎಸೆಯುವ ಡೈಪರ್, ದವಾಖಾನೆಗೋ ಬೆಂಗಳೂರಿನ ರೈಲಿಗೋ ಹೋದರೆ ಇನ್ನೊಂದೆರಡು.

ಕಷ್ಟ ಇಲ್ಲವೆನ್ನಲಾರೆ. ಶ್ರಾವಣದ ಧಾರವಾಡದಲ್ಲಿ ಅರಿವೆ ಒಣಗುವುದೇ ಇಲ್ಲ, ಅಂಗಳದಲ್ಲಿ ಹಾಕಿದ್ದಕ್ಕೆ ಮುಗ್ಗಲು ವಾಸನೆ. ಬಾಣಂತಿ ಕೋಣೆಯ ಅಗ್ಗಿಷ್ಟಿಗೆಯ ಮೇಲೆ ಬುಟ್ಟಿ ಬೋರಲು ಹಾಕಿ ಒಣಗಿಸುವ ಹಳೆಯ ಪದ್ಧತಿಗೆ ನಾವೂ ಇಳಿದೆವು, ಕಿಟಕಿ ತೆರೆದಿಟ್ಟು, ಕೂಸನ್ನು ಬೇರೆ ಕೋಣೆಯಲ್ಲಿ ಮಲಗಿಸಿ. ನಳಕ್ಕೆ ದಿನಾ ನೀರು ಬರುವುದಿಲ್ಲ. ಗದಗಿನಲ್ಲಿರುವ ನನ್ನ ತಂಗಿಯ ಮನೆಗೆ ಇನ್ನೂ ತಡವಾಗಿ ಬರುತ್ತದೆ, ಅವಳ ಸೊಸೆ ಬೇಸಗೆಯಲ್ಲಿ ಬಟ್ಟೆ ಬಿಟ್ಟು ಎಸೆಯುವ ಡೈಪರ್ ಹಿಡಿದದ್ದನ್ನು ನಾನು ತಪ್ಪೆನ್ನಲಾರೆ. ನಾವು ಬರೀ ಮೂತ್ರದ ಲಂಗೋಟಿ ಹಿಂಡಿದ ಮೊದಲ ನೀರನ್ನು, ಸೋಪು ಹಾಕುವ ಮೊದಲೇ, ದಾಸವಾಳದ ಬುಡಕ್ಕೆ ಹೊಯ್ಯುತ್ತಿದ್ದೆವು. ಬಟ್ಟೆ ಮೆತ್ತಗಾಗಲೆಂದು ಹಾಕುವ ದ್ರವ ಮಾತ್ರ ಬೇಡ, ಅದು ಹತ್ತಿಯ ಹೀರುವ ಗುಣವನ್ನೇ ಕಡಿಮೆ ಮಾಡುತ್ತದೆ. ದೀಪಾವಳಿಯ ನಂತರ ಬಿಸಿಲು ಬಂತು, ಕಲೆಯೂ ಹೋಯಿತು, ವಾಸನೆಯೂ ಹೋಯಿತು.

ಇದರ ಜೊತೆ, ಕುತ್ತಿಗೆ ನಿಂತ ಮೇಲೆ ಕೂಸನ್ನು ಎದ್ದ ಕೂಡಲೇ ಕಾಲ ಮೇಲೆ ಕೂಡಿಸಿ ‘ಶ್ ಶ್’ ಎನ್ನುವ ನಮ್ಮ ಅಜ್ಜಿಯಂದಿರ ರೂಢಿ. ಮಗಳಿಗೆ ಮೊದಲು ನಂಬಿಕೆ ಇರಲಿಲ್ಲ. ನಾಲ್ಕನೆಯ ತಿಂಗಳಿಗೆ ಕೂಸು ಆ ಸದ್ದಿಗೆ ಹೊಂದಿಕೊಂಡಿತು, ಬೆಳಗಿನ ಒಂದು ಡೈಪರ್ ಉಳಿಯಿತು. ದುಡ್ಡಿಲ್ಲದ, ಕಸವಿಲ್ಲದ, ನೀರೂ ಬೇಡದ ಉಪಾಯ ಇದೊಂದೇ. ಡಬ್ಬಿ ಮಾರುವವರು ಇದನ್ನು ಹೇಳುವುದಿಲ್ಲ, ಮನೆಯ ಹಿರಿಯರೇ ಹೇಳಬೇಕು.

ಬಿದಿರಿನ ಡೈಪರ್ ಮಾಡುವ ಕಂಪನಿಗೆ ಮೂರು ಪ್ರಶ್ನೆ ಬರೆದು ಕಳಿಸಿದೆ: ತೂಕದ ಲೆಕ್ಕದಲ್ಲಿ ಎಷ್ಟು ಪಾಲು ಮಣ್ಣಾಗುತ್ತದೆ, ಯಾವ ಮಾನದಂಡದ ಪ್ರಮಾಣಪತ್ರ ಇದೆ, ಬಳಸಿದ ಡೈಪರನ್ನು ತೆಗೆದುಕೊಳ್ಳುವ ಘಟಕ ಕರ್ನಾಟಕದಲ್ಲಿ ಎಲ್ಲಿದೆ. ಉತ್ತರ ಬಂತು, ಒಳಹಾಳೆಯ ಗುಣಗಾನ ಮಾಡಿದ್ದರು. ಮೂರಕ್ಕೂ ಸಂಖ್ಯೆಯಾಗಲಿ ಊರಿನ ಹೆಸರಾಗಲಿ ಇರಲಿಲ್ಲ. ನೀವೂ ಕೊಳ್ಳುವ ಮೊದಲು ಇವೇ ಮೂರನ್ನು ಕೇಳಿರಿ. ನಾಲ್ಕೈದು ಮನೆಯವರು ಕೂಡಿ ಬಳಸಿದ್ದನ್ನು ಒಯ್ದು ಸರಿಯಾಗಿ ಕೊಳೆಸುವ ಘಟಕ ಹುಬ್ಬಳ್ಳಿಯಲ್ಲಿ ಆದ ದಿನ ಈ ಡೈಪರಿಗೆ ನಾನೇ ಎದ್ದು ನಿಂತು ಶಿಫಾರಸು ಬರೆಯುತ್ತೇನೆ.

ಅಲ್ಲಿಯವರೆಗೆ, ಕೂಸಿನ ಚರ್ಮದ ಸಲುವಾಗಿ ಇದನ್ನೇ ಕೊಳ್ಳುವವರಿಗೆ ಅಳತೆಯ ಮಾತು. ತೊಡೆಯ ಕಡೆ ಬಿಗಿ, ಡಬ್ಬಿಯ ಮೇಲಿನ ತೂಕದ ಗಡಿ ಮುಟ್ಟುವ ಮೊದಲೇ ಮುಂದಿನ ಅಳತೆಗೆ ಹೋಗಬೇಕು, ಇಲ್ಲವಾದರೆ ಕೆಂಪು ಗೆರೆ ಮೂಡುತ್ತದೆ. ಮೊದಲು ಸಣ್ಣ ಪೊಟ್ಟಣ ತರಿಸಿರಿ. ಬಿಚ್ಚಿದ ಮೇಲೆ ಮಲವನ್ನು ಸಂಡಾಸಿಗೆ ಉದುರಿಸಿ, ಡೈಪರನ್ನು ಒಳಮುಖ ಸುತ್ತಿ ಅದರ ಪಟ್ಟಿಯಿಂದಲೇ ಬಿಗಿದು, ಪತ್ರಿಕೆಯಲ್ಲಿ ಕಟ್ಟಿ, ಮೇಲೆ ಕೆಂಪು ಗುರುತು ಹಾಕಿ ಟಿಪ್ಪರಿನವರ ಕೈಗೆ ಬೇರೆಯಾಗಿ ಕೊಡಿರಿ. ಸಾದಾ ಡೈಪರಿಗೂ ಇದೇ ಕ್ರಮ.